ಕಲ್ಕತ್ತೆಯ ಚೀನೀ ಸಮಾಜ: ವೃತ್ತಿ, ವಂಶ ಮತ್ತು ಪೌರತ್ವ

ಪರದೇಶದಲ್ಲಿ ನೆಲೆಸಿದ ಜನರ ಚರಿತ್ರೆಯನ್ನು ಬರೆಯುವಾಗ ಅವರ ಮೂಲ ಸಂಸ್ಕೃತಿಯನ್ನೇ ಪ್ರಧಾನವಾಗಿ ಪರಿಶೀಲಿಸುವುದು ವಾಡಿಕೆ. ಅವರಿಗೆ ಆಶ್ರಯವಿತ್ತ ರಾಜ್ಯವು ಅವರನ್ನು ಯಾವ ದೃಷ್ಟಿಯಿಂದ ಕಂಡಿತೆಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ಕಲ್ಕತ್ತೆಯ, ಎಂದರೆ ಇಂದಿನ ಕೋಲ್ಕತ್ತದ, ಚೀನೀಯರ ವೃತ್ತಾಂತವನ್ನು ನಾವಿಲ್ಲಿ ಈ ದೃಷ್ಟಿಯಿಂದ ಸಂಗ್ರಹವಾಗಿ ವಿವೇಚಿಸುತ್ತೇವೆ.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಅಚ್ಯು ಎಂಬ ಚೀನೀ ವರ್ತಕನು ವಾರನ್ ಹೇಸ್ಟಿಂಗ್ಸನ ಆಡಳಿತದಿಂದ ಬಜ್‌ಬಜ್ ಸಮೀಪದ ಹೂಗ್ಲೀತೀರದಲ್ಲಿ ಭೂಮಿಯನ್ನು ಪಡೆದು, ಸ್ವದೇಶದ ಕೆಲಸಗಾರರ ನೆರವಿನಿಂದ ಸಕ್ಕರೆಯ ಕಾರ್ಖಾನೆಯನ್ನು ಸ್ಥಾಪಿಸಿದನು. ಆತನ ಮರಣಾನಂತರ ಆ ಉದ್ಯಮವು ಬಹುಕಾಲ ಉಳಿಯಲಿಲ್ಲ. ಆದರೆ ಅಚೀಪುರವೆಂಬ ಗ್ರಾಮನಾಮವು ಉಳಿಯಿತು. ಚೀನೀ ಹೊಸವರ್ಷದ ಕಾಲದಲ್ಲಿ ಆತನ ಸಮಾಧಿಯನ್ನು ಸಂದರ್ಶಿಸುವ ಪದ್ಧತಿಯೂ ಉಳಿದುಬಂದಿದೆ.

ಮುಂದೆ ಬಂದವರು ನಗರದಲ್ಲಿಯೇ ನೆಲೆಸಿದರು. ಇವರಲ್ಲಿ ವೃತ್ತಿಯು ಮೂಲಪ್ರದೇಶವನ್ನೂ ಭಾಷೆಯನ್ನೂ ಅನುಸರಿಸಿ ಹಂಚಿಕೆಯಾಗಿದ್ದುದು ಗಮನಾರ್ಹ. ಕ್ಯಾಂಟನ್ ಪ್ರಾಂತದವರು ಬಡಗಿಗಳು. ಹೂಪೇ ಪ್ರಾಂತದವರು ದಂತವೈದ್ಯರು. ಹಕ್ಕಾ ಭಾಷಿಕರು ಪಾದರಕ್ಷೆ ತಯಾರಕರು ಮತ್ತು ಚರ್ಮ ಹದಮಾಡುವವರು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹಕ್ಕಾ ಜನರು ನಗರದ ಪೂರ್ವದ ಅಂಚಿನ ಜೌಗುಪ್ರದೇಶವಾದ ಟ್ಯಾಂಗ್ರಾದಲ್ಲಿ ಚರ್ಮದ ಕಾರ್ಖಾನೆಗಳನ್ನು ತೆರೆದರು. ಸವರ್ಣೀಯರು ಚರ್ಮದ ಕೆಲಸವನ್ನು ಮೈಲಿಗೆಯೆಂದು ಭಾವಿಸಿದ್ದುದರಿಂದ ಅವರಿಗೆ ಹೆಚ್ಚಿನ ಸ್ಪರ್ಧೆಯಿರಲಿಲ್ಲ. ಹೀಗೆ ನಮ್ಮ ಸಮಾಜದ ಜಾತಿವ್ಯವಸ್ಥೆಯೇ ಹೊರಗಿನವರಿಗೆ ಒಂದು ಜೀವನೋಪಾಯವನ್ನು ತೆರವು ಮಾಡಿಕೊಟ್ಟಿತು. ಅದೇ ಕಾರಣದಿಂದ ಅವರು ನೆರೆಯವರಿಂದ ದೂರವೂ ಉಳಿದರು.

1962ರ ಅಕ್ಟೋಬರಿನಲ್ಲಿ ಭಾರತ-ಚೀನಾ ಯುದ್ಧವು ಆರಂಭವಾದೊಡನೆ ಈ ಪ್ರತ್ಯೇಕತೆಯು ವಿಪತ್ತಿಗೆ ಕಾರಣವಾಯಿತು. ಆ ವರ್ಷ ವಿದೇಶೀಯರನ್ನು ಕುರಿತು ಜಾರಿಗೆ ಬಂದ ಕಾನೂನು, ತಂದೆತಾಯಿಯರಲ್ಲಿ ಅಥವಾ ಅಜ್ಜ-ಅಜ್ಜಿಯರಲ್ಲಿ ಒಬ್ಬರು ಶತ್ರುರಾಷ್ಟ್ರದ ಪ್ರಜೆಯಾಗಿದ್ದರೂ ಸಾಕು, ಆ ವ್ಯಕ್ತಿಯನ್ನು ನಿರ್ಬಂಧಕ್ಕೆ ಒಳಪಡಿಸಲು ಅವಕಾಶವಿತ್ತಿತು. ಅಸ್ಸಾಂ, ಉತ್ತರ ಬಂಗಾಳ ಮೊದಲಾದೆಡೆಗಳಿಂದ ಹಿಡಿದ ಸುಮಾರು 3,000 ಮಂದಿಯನ್ನು ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಇರಿಸಲಾಯಿತು. ಅವರಲ್ಲಿ ಮಕ್ಕಳೂ ವೃದ್ಧರೂ ಇದ್ದರು. 1963ರಲ್ಲಿ ಅನೇಕರನ್ನು ಹಡಗುಗಳ ಮೂಲಕ ಚೀನಾಕ್ಕೆ ಕಳುಹಿಸಲಾಯಿತು. ಕಲ್ಕತ್ತೆಯಲ್ಲಿ ಉಳಿದವರು ನಿಯತವಾಗಿ ಪೊಲೀಸರ ಮುಂದೆ ಹಾಜರಾಗಬೇಕಾಗಿತ್ತು. ಅನುಮತಿಯಿಲ್ಲದೆ ಊರು ಬಿಡುವಂತಿರಲಿಲ್ಲ. ಕ್ರಮೇಣ ಬಹುಜನರು ಕೆನಡಾ ಮುಂತಾದ ದೇಶಗಳಿಗೆ ವಲಸೆ ಹೋದರು.

1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಲಿನ್ಯದ ಕಾರಣದಿಂದ ಟ್ಯಾಂಗ್ರಾ ಮೊದಲಾದ ಕಡೆಗಳ ಚರ್ಮದ ಕಾರ್ಖಾನೆಗಳನ್ನು ಸ್ಥಳಾಂತರಿಸಲು ಆಜ್ಞಾಪಿಸಿತು. ಈ ಆಜ್ಞೆಯು ಸರ್ವರಿಗೂ ಸಮಾನವಾಗಿದ್ದರೂ ಕ್ಷೀಣಿಸಿದ್ದ ಈ ಸಮಾಜಕ್ಕೆ ಅದರ ಭಾರ ಹೆಚ್ಚಾಯಿತು. ಇಂದು ಟ್ಯಾಂಗ್ರಾ ತನ್ನ ಉಪಾಹಾರಗೃಹಗಳಿಂದಲೇ ಹೆಚ್ಚು ಪ್ರಸಿದ್ಧವಾಗಿದೆ.

ಮೇಲಿನ ಸಂಗತಿಗಳಿಂದ ಒಂದು ತತ್ತ್ವವು ನಮಗೆ ಸ್ಪಷ್ಟವಾಗುತ್ತದೆ. ಕಂಪನಿಯ ಕಾಲದಲ್ಲಿ ಚೀನೀಯನ ಅರ್ಹತೆ ಅವನ ಕೈಗೆಲಸದಲ್ಲಿತ್ತು. 1962ರಲ್ಲಿ ಅವನ ಅಪರಾಧ ಅವನ ವಂಶದಲ್ಲಿತ್ತು. ಈ ಎರಡೂ ಕಾಲಗಳಲ್ಲಿ, ಇಲ್ಲಿಯೇ ಹುಟ್ಟಿ ಬೆಳೆದ ವ್ಯಕ್ತಿಯು ತಾನಾಗಿ ಯಾರೆಂಬ ಪ್ರಶ್ನೆಯನ್ನು ರಾಜ್ಯವು ಕೇಳಲಿಲ್ಲ. ಪೌರತ್ವದ ವಿಚಾರವನ್ನು ಅಭ್ಯಸಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂದು ನಮ್ಮ ಅಭಿಪ್ರಾಯ.