ಮುಖಕ್ಕೆ ಗಂಡಸು, ಕೂದಲಿಗೆ ಹೆಂಗಸು: ಒಂದು ಮೇಕಪ್ ಕಾರ್ಡ್‌ನ ಕತೆ

ಸಿನಿಮಾದವರ ಬಾಯಲ್ಲಿ ‘ಮೇಕಪ್‌ಮ್ಯಾನ್’ ಅನ್ನೋ ಪದ ಕೇಳಿರ್ತೀರಿ. ಬಣ್ಣ ಹಚ್ಚೋರು ಗಂಡಸರೇ ಯಾಕೆ ಆಗಿರಬೇಕು ಅಂತ ಯಾವತ್ತಾದ್ರೂ ಅನ್ನಿಸಿದೆಯಾ? ಮುಂಬೈನ ಹಿಂದಿ ಚಿತ್ರರಂಗದಲ್ಲಿ ಇದು ಬರೀ ರೂಢಿ ಆಗಿರಲಿಲ್ಲ, ಬರೆದಿಟ್ಟ ನಿಯಮವಾಗಿತ್ತು. ಅದೂ 2014ರವರೆಗೆ!

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1913ರಲ್ಲಿ ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಂಗಸರು ಸಿಗಲಿಲ್ಲ. ಅಣ್ಣಾ ಸಾಳುಂಕೆ ಎಂಬ ಯುವಕ ಸೀರೆ ಉಟ್ಟು ರಾಣಿಯಾದ. ಆದರೆ ಫಾಲ್ಕೆಯವರ ಮುಂದಿನ ಚಿತ್ರ ‘ಮೋಹಿನಿ ಭಸ್ಮಾಸುರ’ದಲ್ಲೇ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿದರು. ಅಂದರೆ ಕ್ಯಾಮೆರಾದ ಮುಂದೆ ಹೆಣ್ಣು ಬಂದದ್ದು ಬಲು ಬೇಗ. ಕ್ಯಾಮೆರಾದ ಹಿಂದಿನ ಕೆಲವು ಬಾಗಿಲುಗಳು ಮಾತ್ರ ನೂರು ವರ್ಷ ಮುಚ್ಚಿಯೇ ಇದ್ದವು.

ಮುಂಬೈನಲ್ಲಿ ವಸ್ತ್ರ, ಮೇಕಪ್ ಮತ್ತು ಕೇಶಾಲಂಕಾರದವರದ್ದೊಂದು ಸಂಘ ಇದೆ. ಅದರ ಸದಸ್ಯತ್ವದ ಕಾರ್ಡ್ ಇಲ್ಲದಿದ್ದರೆ ಸೆಟ್‌ನಲ್ಲಿ ಕೆಲಸ ಮಾಡೋದೇ ಕಷ್ಟ. ಆ ಸಂಘದ ಲೆಕ್ಕ ಸರಳವಾಗಿತ್ತು: ಗಂಡಸರಿಗೆ ಮೇಕಪ್ ಕಾರ್ಡ್, ಹೆಂಗಸರಿಗೆ ಹೇರ್‌ಡ್ರೆಸ್ಸರ್ ಕಾರ್ಡ್. ಹೀಗೇ ಸುಮಾರು ಆರು ದಶಕ ನಡೆಯಿತು. ಯಾಕೆ ಅಂದರೆ, ಗಂಡಸರ ಹೊಟ್ಟೆಪಾಡು ಉಳಿಯಬೇಕು ಅನ್ನೋ ವಾದ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಮದುವೆಮನೆಯಲ್ಲಿ ಮದುಮಗಳಿಗೆ ಸಿಂಗಾರ ಮಾಡೋದು ಯಾರು? ಅಕ್ಕ, ಅತ್ತಿಗೆ, ಚಿಕ್ಕಮ್ಮ. ಅಲ್ಲಿ ಅದು ‘ಹೆಂಗಸರ ಕೆಲಸ’. ಅದೇ ಕೆಲಸಕ್ಕೆ ಸಂಬಳ, ಹೆಸರು ಬಂದ ಕೂಡಲೇ ಅದು ಗಂಡಸರ ಕಸುಬು! ನನ್ನ ಪ್ರಕಾರ ಈ ಗೋಡೆ ಕಟ್ಟಿದ್ದು ಕೈಚಳಕದ ಮೇಲಲ್ಲ, ದುಡ್ಡಿನ ಮೇಲೆ. ಮನೆ ನಡೆಸೋನು ಗಂಡಸು, ಹೆಣ್ಣಿನ ದುಡಿಮೆ ಮೇಲುಖರ್ಚಿಗೆ ಅನ್ನೋ ನಂಬಿಕೆಯ ಮೇಲೆ.

ಚಾರು ಖುರಾನಾ ಈ ಗೋಡೆಗೆ ಎದುರಾದರು. ಅಮೆರಿಕದಲ್ಲಿ ಮೇಕಪ್ ಕಲಿತು ಬಂದವರು. 2009ರಲ್ಲಿ ಕಾರ್ಡ್ ಕೇಳಿದರೆ ಸಂಘ ಕೊಡಲಿಲ್ಲ. ಕಾರ್ಡ್ ಇಲ್ಲದೆ ಕೆಲಸ ಮಾಡಿದ್ದಕ್ಕೆ ದಂಡ ಬೇರೆ. ಅವರೂ ಇನ್ನು ಕೆಲವು ಮಹಿಳೆಯರೂ ಸೇರಿ ನೇರವಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು.

2014ರ ನವೆಂಬರ್ 10ರಂದು ನ್ಯಾಯಮೂರ್ತಿಗಳಾದ ದೀಪಕ್ ಮಿಶ್ರಾ ಮತ್ತು ಯು.ಯು. ಲಲಿತ್ ತೀರ್ಪು ಕೊಟ್ಟರು. 1926ರ ಕಾರ್ಮಿಕ ಸಂಘಗಳ ಕಾಯ್ದೆಯಡಿ ನೋಂದಣಿಯಾದ ಸಂಘ ಹೆಣ್ಣು ಅನ್ನೋ ಕಾರಣಕ್ಕೆ ಒಬ್ಬರ ಅನ್ನ ಕಿತ್ತುಕೊಳ್ಳುವಂತಿಲ್ಲ. ಅದು ಸಮಾನತೆಗೂ, ಉದ್ಯೋಗದ ಹಕ್ಕಿಗೂ ವಿರುದ್ಧ ಎಂಬುದು ತೀರ್ಪಿನ ಸಾರ. ಮಹಾರಾಷ್ಟ್ರದಲ್ಲಿ ಐದು ವರ್ಷ ವಾಸವಿರಬೇಕು ಅನ್ನೋ ಷರತ್ತೂ ಅದರ ಜೊತೆಗೇ ಬಿದ್ದುಹೋಯಿತು.

ಅಲ್ಲಿಗೆ ಕತೆ ಮುಗೀತಾ? ಇಲ್ಲ ಅನ್ಸುತ್ತೆ ನನಗೆ. ಇದು ಗುರುವಿನ ಪಕ್ಕದಲ್ಲಿ ನಿಂತು ಕಲಿಯೋ ವಿದ್ಯೆ. ಸಹಾಯಕನಾಗಿ ಸೇರಿದ ಹುಡುಗ ವರ್ಷಗಳು ಕಳೆದ ಮೇಲೆ ತಾನೇ ಗುರುವಾಗ್ತಾನೆ, ಇನ್ನೊಬ್ಬ ಹುಡುಗನನ್ನ ಸೇರಿಸಿಕೊಳ್ತಾನೆ. ಆರು ದಶಕ ಆ ಪಕ್ಕದ ಜಾಗದಲ್ಲಿ ಹುಡುಗಿಯರು ನಿಲ್ಲಲಿಲ್ಲ. ಕೋರ್ಟ್ ಕಾರ್ಡ್ ಕೊಡಿಸಬಹುದು, ಕಳೆದುಹೋದ ಆ ವರ್ಷಗಳನ್ನ ಕೊಡಿಸೋಕಾಗಲ್ಲ.

ಮುಂದಿನ ಸಲ ಸಿನಿಮಾ ಮುಗಿದ ಕೂಡಲೇ ಎದ್ದು ಹೋಗಬೇಡಿ. ಹೆಸರುಗಳು ಬರ್ತಾವಲ್ಲ, ಅಲ್ಲಿ ಮೇಕಪ್ ಸಾಲಿನಲ್ಲಿ ಯಾರಿದ್ದಾರೆ, ಕೇಶಾಲಂಕಾರದ ಸಾಲಿನಲ್ಲಿ ಯಾರಿದ್ದಾರೆ ನೋಡಿ. ನಿಮಗೆ ಕಂಡದ್ದನ್ನ ನನಗೂ ಬರೆದು ಕಳಿಸಿ. ಮತ್ತೆ ಸಿಗೋಣ.