ಹಿತ್ತಲಿನ ತುಂಬೆ

ಶಿವಪೂಜೆಯ ಹೂಗಳಲ್ಲಿ ತುಂಬೆಗೆ ಕನ್ನಡ ನಾಡಿನಲ್ಲಿ ಪರಂಪರಾಗತವಾದ ಸ್ಥಾನವಿದೆ. ಇದನ್ನು ನೆಟ್ಟು ಬೆಳೆಸುವ ಅಗತ್ಯವೇ ಇರಲಿಲ್ಲ. ಮಳೆ ಬಿದ್ದೊಡನೆ ಹೊಲದ ಬದುಗಳಲ್ಲಿಯೂ ಹಿತ್ತಲುಗಳಲ್ಲಿಯೂ ತಾನಾಗಿ ಹುಟ್ಟುತ್ತಿತ್ತು. 1810ರಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಈ ಕುಲಕ್ಕೆ ‘ಲ್ಯೂಕಾಸ್’ ಎಂದು ಹೆಸರಿಟ್ಟರು. ಅದರ ಗ್ರೀಕ್ ಮೂಲಪದಕ್ಕೆ ಬಿಳುಪು ಎಂದರ್ಥ. ಪೂಜೆಯಲ್ಲಿ ಹೂವೆನಿಸಿದ್ದು ಹೊಲದಲ್ಲಿ ಕಳೆಯೆನಿಸಿತು. ಕಳೆನಾಶಕ ಸಿಂಪಡಿಸಿದ ಬದುವಿನಲ್ಲಿ, ಸಿಮೆಂಟು ಹಾಸಿದ ಅಂಗಳದಲ್ಲಿ ಅದಕ್ಕೆ ನೆಲೆಯಿಲ್ಲ.

ಉಳಿಸುವ ಕ್ರಮ ಸರಳವಾದುದು. ತುಂಬೆ ಏಕವಾರ್ಷಿಕ, ಒಂದೊಂದು ಹೂವು ಕಟ್ಟುವುದು ಹೆಚ್ಚೆಂದರೆ ನಾಲ್ಕು ಬೀಜ. ಬಿಸಿಲು ಬೀಳುವ ಮೂಲೆಯೊಂದರಲ್ಲಿ, ಬೀಜ ಬಲಿತು ಉದುರುವವರೆಗೆ ಗಿಡವನ್ನು ಕೀಳದಿದ್ದರೆ ಮುಂದಿನ ಮಳೆಗೆ ಮತ್ತೆ ಮೊಳೆಯುತ್ತದೆ. ಅಷ್ಟನ್ನೂ ಬಿಡದಿದ್ದರೆ, ಕಾವ್ಯದಲ್ಲಿ ತುಂಬೆಯೆಂಬ ಪದವನ್ನು ಕಂಡ ವಿದ್ಯಾರ್ಥಿಗೆ ನಿಘಂಟಿನ ಅರ್ಥವೊಂದೇ ಉಳಿದೀತು.