ಗೋಲಿ ಸೋಡದ ಸೀಸೆ

ಜಾತ್ರೆಯಲ್ಲೋ ರೈಲು ನಿಲ್ದಾಣದ ಬಳಿಯ ಅಂಗಡಿಯಲ್ಲೋ ಗೋಲಿ ಸೋಡ ಕುಡಿದ ನೆನಪು ನಿಮ್ಮಲ್ಲಿ ಅನೇಕರಿಗೆ ಇದ್ದೀತು. ಅಂಗಡಿಯವನು ಹೆಬ್ಬೆರಳಿನಿಂದ ಒತ್ತಿದೊಡನೆ ಗೋಲಿ ಒಳಕ್ಕೆ ಜಾರಿ, ನೊರೆ ಮೇಲಕ್ಕುಕ್ಕುತ್ತಿತ್ತು. ಆ ಗೋಲಿಗೂ ಒಂದು ಇತಿಹಾಸವುಂಟು.

ನೀರಿನಲ್ಲಿ ಇಂಗಾಲಾಮ್ಲ ವಾಯುವನ್ನು ಬೆರೆಸುವ ಬಗೆಯನ್ನು 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ ಕಂಡುಕೊಂಡನು. ನೆರೆಯ ಬಿಯರ್ ಕಾರ್ಖಾನೆಯ ತೊಟ್ಟಿಗಳ ಮೇಲೆ ನಿಲ್ಲುತ್ತಿದ್ದ ವಾಯುವೇ ಅವನ ಪ್ರಯೋಗಕ್ಕೆ ಒದಗಿತು. ವಾಯುವನ್ನು ಬೆರೆಸುವುದಾಯಿತು, ಹಿಡಿದಿಡುವುದು ಹೇಗೆ? ಸೀಸೆಯನ್ನು ನಿಲ್ಲಿಸಿಟ್ಟರೆ ಮರದ ತೊಗಟೆಯ ಬಿರಡೆ ಒಣಗಿ ಕುಗ್ಗುತ್ತಿತ್ತು, ವಾಯು ಸೋರುತ್ತಿತ್ತು. ಆದ್ದರಿಂದ ನಿಲ್ಲಲಾರದಂತೆ ಮೊಟ್ಟೆಯಾಕಾರದ ಬುಡವುಳ್ಳ ಸೀಸೆಗಳನ್ನೇ ಮಾಡಿದರು. ಮಲಗಿಸಿದರೆ ಬಿರಡೆ ಸದಾ ಒದ್ದೆ!

1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ಇದಕ್ಕಿಂತ ಜಾಣತನದ ಉಪಾಯಕ್ಕೆ ಪೇಟೆಂಟ್ ಪಡೆದನು. ಕತ್ತಿನೊಳಗೆ ಗಾಜಿನ ಗೋಲಿ, ಬಾಯಿಗೆ ರಬ್ಬರಿನ ಉಂಗುರ. ಸೀಸೆಯನ್ನು ತಲೆಕೆಳಗಾಗಿ ಹಿಡಿದು ತುಂಬಿದರೆ ಗೋಲಿ ಬಾಯಿಗೆ ಬಂದು ಕೂರುತ್ತದೆ. ಒಳಗಿನ ವಾಯುವೇ ಅದನ್ನು ಒತ್ತಿ ಹಿಡಿಯುತ್ತದೆ. ತಪ್ಪಿಸಿಕೊಳ್ಳಲು ಹವಣಿಸುವ ವಾಯುವೇ ಬಾಗಿಲು ಕಾಯುವ ಕಾವಲುಗಾರ!

ಆದರೆ ಇದನ್ನು ತೊಳೆಯುವುದು ಕಷ್ಟ. ಗೋಲಿಯಾಸೆಗೆ ಮಕ್ಕಳು ಸೀಸೆಯನ್ನೇ ಒಡೆಯುತ್ತಿದ್ದರು. 1892ರಲ್ಲಿ ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಪೇಂಟರ್ ಹಲ್ಲಂಚಿನ ತಗಡಿನ ಮುಚ್ಚಳಕ್ಕೆ ಪೇಟೆಂಟ್ ಪಡೆದನು. ಅದಕ್ಕೆ ಒಂದೇ ಅಳತೆಯ ಬಾಯಿಗಳು ಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಕೇಲ್ ಓವೆನ್ಸನ ಯಂತ್ರ ಅಂಥ ಸೀಸೆಗಳನ್ನು ತಯಾರಿಸತೊಡಗಿದ ಮೇಲೆ ಬಿಯರಿಗೂ ಸೋಡಕ್ಕೂ ಈ ಮುಚ್ಚಳವೇ ಬಂದಿತು. ಹುಟ್ಟಿದ ನಾಡಿನಲ್ಲಿ ಗೋಲಿ ಮರೆಯಾಯಿತು. ಜಪಾನಿನಲ್ಲಿ 'ರಾಮುನೆ' ಎಂಬ ಪಾನೀಯದಲ್ಲಿಯೂ ನಮ್ಮ ಸಣ್ಣ ಸೋಡದಂಗಡಿಗಳಲ್ಲಿಯೂ ಉಳಿಯಿತು. ಕೈಯಿಂದ ತಿರುಗಿಸುವ ಒಂದು ಯಂತ್ರ, ಒಂದಷ್ಟು ಸೀಸೆ ಇದ್ದರೆ ಬಡವನೂ ಸೋಡದ ವ್ಯಾಪಾರ ಹೂಡಬಹುದಾಗಿತ್ತು.

1935ರಲ್ಲಿ ಅಮೆರಿಕದ ರಿಚ್ಮಂಡಿನಲ್ಲಿ ತಗಡಿನ ಡಬ್ಬಿಯ ಬಿಯರ್ ಮಾರಾಟಕ್ಕೆ ಬಂದಿತು. 1973ರಲ್ಲಿ ನತಾನಿಯಲ್ ವೈಯತ್ ಪ್ಲಾಸ್ಟಿಕ್ ಸೀಸೆಗೆ ಪೇಟೆಂಟ್ ಪಡೆದನು. ಇವು ಹಗುರ, ಬಿದ್ದರೆ ಚೂರಾಗವು, ದೂರದೂರಿಗೆ ಸಾಗಿಸಲು ಅಗ್ಗ. ಇವುಗಳ ಉಪಯೋಗವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಒಂದು ಮಾತನ್ನು ಯೋಚಿಸಿ. ಗೋಲಿ ಸೋಡ ಕುಡಿದವರು ಸೀಸೆಯನ್ನು ಅಂಗಡಿಯಲ್ಲೇ ಇಟ್ಟು ಬರುತ್ತಿದ್ದರು. ಅದೇ ಸೀಸೆ ಮತ್ತೆ ಮತ್ತೆ ತುಂಬುತ್ತಿತ್ತು. ಖಾಲಿ ಸೀಸೆಯ ಚಿಂತೆ ಮಾರುವವನದಾಗಿತ್ತು. ಇಂದು ಅದು ನಮ್ಮ ಊರಿನ ಚರಂಡಿಗೂ ಕೆರೆಗೂ ಬಂದಿದೆ. ಮುಂದಿನ ಸಲ ಸೀಸೆಯೊಂದನ್ನು ಬರಿದು ಮಾಡಿದಾಗ, ಇದು ಇನ್ನು ಎಲ್ಲಿಗೆ ಹೋದೀತು ಎಂದು ಒಂದು ಗಳಿಗೆ ಕೇಳಿಕೊಳ್ಳುವಿರಾ?